ಸಾಂತೆರೊ ಕೈಯಿಂದ ಮ್ಯೂಸಿಯಂಗೆ: ಕೊಳ್ಳುವಾಗ ನೋಡಬೇಕಾದ್ದು

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಹಳೆಯ ಹಿಸ್ಪಾನಿಕ್ (ಸ್ಪ್ಯಾನಿಷ್ ಮೂಲದ ಜನರ) ಮೂರ್ತಿಯೊಂದಕ್ಕೆ ಯಾವ ಮರ, ಯಾವ ಬಣ್ಣ ಎಂದು ತಿಳಿಯಲು ಮ್ಯೂಸಿಯಂಗಳು ಪ್ರಯೋಗಾಲಯದ ಮೊರೆ ಹೋಗುತ್ತವೆ. ಬದುಕಿರುವ ಕಲಾವಿದರಾದರೆ ಅದನ್ನೆಲ್ಲ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಕೊಂಡ ದಿನವೇ ಕೇಳಿ ಬರೆದುಕೊಳ್ಳಬೇಕು. ಬಿಲ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಆಮೇಲೆ ನೋಡೋಣ ಎಂದರೆ ಮುಗಿಯಿತು.

ಸಂತರ ರೂಪ ಕೆತ್ತಿ ಬಣ್ಣ ಹಾಕುವವರೇ ಸಾಂತೆರೊಗಳು. ಬಿಡಿಮೂರ್ತಿಗೆ ಬುಲ್ತೊ, ಹಲಗೆಯ ಮೇಲಿನ ಚಿತ್ರಕ್ಕೆ ರೆತಾಬ್ಲೊ ಎನ್ನುತ್ತಾರೆ. ಇವರನ್ನು ಒಟ್ಟಿಗೆ ಕಾಣಲು ರಾಜ್ಯದ ರಾಜಧಾನಿ ಸಾಂತಾ ಫೆಯಲ್ಲಿ 1926ರಲ್ಲಿ ಶುರುವಾದ ಸ್ಪ್ಯಾನಿಷ್ ಮಾರ್ಕೆಟ್ ಎಂಬ ಕಲಾ ಸಂತೆ ಒಳ್ಳೆಯ ಜಾಗ. ಜುಲೈ ಕೊನೆಯ ಹೊತ್ತಿಗೆ ಅದು ಸೇರುತ್ತದೆ. ನೋಡುವುದನ್ನು ಅಲ್ಲಿ ನೋಡಿ, ಮಾತುಕತೆಯನ್ನು ಅವರ ಕಾರ್ಯಾಗಾರದಲ್ಲಿ ನಡೆಸಿ. ಗಿರಾಕಿಗಳ ನಡುವೆ ಯಾರೂ ಬಿಡಿಸಿ ಹೇಳಲಾರರು.

ಮೊದಲ ಪ್ರಶ್ನೆ ಮರದ್ದು. ಕಾಟನ್‌ವುಡ್ ಬೇರೋ, ಆಸ್ಪೆನ್ನೋ, ಪೈನೋ? ಬೇರು ಹಗುರ, ಕೆತ್ತಲು ಸಲೀಸು. ಆದರೆ ಅದರೊಳಗೆ ಕುಟ್ಟೆ ಹುಳು ಇರಬಹುದು. ಮೂರ್ತಿಯನ್ನು ಎರಡು ವಾರ ಕಪ್ಪು ಕಾಗದದ ಮೇಲೆ ಬೇರೆ ಕೋಣೆಯಲ್ಲಿಟ್ಟು, ಹೊಸ ಹುಡಿ ಉದುರಿದೆಯೇ ನೋಡಿ. ಹುಡಿ ಕಂಡಿತೆಂದು ಬಣ್ಣದ ಮೂರ್ತಿಯನ್ನು ಫ್ರೀಜರ್‌ಗೆ ತುರುಕಬೇಡಿ. ಚಳಿಗೆ ಮರ ಒಂದು ರೀತಿ, ಮೇಲಿನ ಲೇಪ ಇನ್ನೊಂದು ರೀತಿ ಕುಗ್ಗಿ ಲೇಪ ಬಿರಿಯಬಹುದು. ಆಮ್ಲಜನಕ ತೆಗೆದ ಚೀಲದಲ್ಲಿ ಸುಮಾರು ಮೂರು ವಾರ ಮುಚ್ಚಿಡುವುದು ಲೇಸು.

ಎರಡನೆಯದು ಲೇಪ ಮತ್ತು ವಾರ್ನಿಶ್. ಸಾಂಪ್ರದಾಯಿಕ ಕ್ರಮದಲ್ಲಿ ಜಿಪ್ಸಂ ಪುಡಿಗೆ ಪ್ರಾಣಿಜನ್ಯ ಅಂಟು ಬೆರೆಸಿ ಬಳಿದು, ಅದರ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿ, ಕೊನೆಗೆ ಪಿನ್ಯೋನ್ ಮರದ ರಾಳವನ್ನು ಆಲ್ಕೊಹಾಲ್‌ನಲ್ಲಿ ಕರಗಿಸಿ ಬಳಿಯುತ್ತಾರೆ. ಒದ್ದೆ ಬಟ್ಟೆ ತಾಗಿದರೆ ಅಂಟೂ ಬಣ್ಣವೂ ಕದಡುತ್ತವೆ. ಸ್ಯಾನಿಟೈಸರ್ ಹಚ್ಚಿದ ಕೈ ತಾಗಿದರೆ ವಾರ್ನಿಶ್ ಏಳುತ್ತದೆ. ಧೂಳು ತೆಗೆಯಲು ಮೆತ್ತನೆಯ ಒಣ ಬ್ರಷ್ ಒಂದೇ ಗತಿ. ಇಂದು ಕೆಲವರು ಅಕ್ರಿಲಿಕ್ ಬಣ್ಣವನ್ನೂ ಬಳಸುತ್ತಾರೆ. ಅದನ್ನು ತಪ್ಪೆಂದು ತೀರ್ಪು ಕೊಡುವುದು ಕೊಳ್ಳುವವರ ಕೆಲಸವಲ್ಲ, ದಾಖಲಿಸುವುದು ಮಾತ್ರ ಅವರ ಕೆಲಸ.

ಸಂತೆಗೆಂದು ಹಿಂದಿನ ವಾರವಷ್ಟೇ ವಾರ್ನಿಶ್ ಹಚ್ಚಿದ ಮೂರ್ತಿಯನ್ನು ಬಬಲ್ ರ‍್ಯಾಪ್‌ನಲ್ಲಿ ಸುತ್ತಿ ಬಿಸಿಲಲ್ಲಿ ನಿಂತ ಕಾರಿನಲ್ಲಿಟ್ಟರೆ, ಸಂತನ ನಿಲುವಂಗಿಯ ತುಂಬ ಗುಳ್ಳೆಯ ಅಚ್ಚು. ವಾರ್ನಿಶ್ ಯಾವಾಗ ಹಚ್ಚಿದ್ದೆಂದು ಕೇಳಿ. ಹಸಿಯಾಗಿದ್ದರೆ ಕೆಲವು ವಾರ ಅವರ ಬಳಿಯೇ ಬಿಡಿ. ಸಾಗಿಸುವಾಗ ಪೆಟ್ಟಿಗೆಯಲ್ಲಿ ಪೀಠವನ್ನು ಬಿಗಿಮಾಡಿ. ಬಣ್ಣದ ಮೈಗೆ ಏನೂ ತಾಗಬಾರದು.

ಮ್ಯೂಸಿಯಂ ದಾಖಲೆಯ ಸಂಖ್ಯೆ ಹಾಕುವಲ್ಲೂ ಎಡವುವವರಿದ್ದಾರೆ. ರೈತರ ಸಂತ ಸಾನ್ ಇಸಿದ್ರೊ ಎಂದರೆ ಒಂದೇ ಮೂರ್ತಿಯಲ್ಲ: ಸಂತ, ನೇಗಿಲು ಹಿಡಿದ ದೇವದೂತ, ಜೋಡಿ ಎತ್ತು, ನೊಗ, ಬಾರುಕೋಲು. ಬಿಡಿಯಾಗಿ ಬರುವ ಪ್ರತಿಯೊಂದಕ್ಕೂ 2025.7.1ಎ, 2025.7.1ಬಿ ಎಂದು (ವರ್ಷ, ಆ ವರ್ಷದ ಸೇರ್ಪಡೆಯ ಕ್ರಮ, ವಸ್ತು, ಅದರ ಬಿಡಿಭಾಗ) ಸಂಖ್ಯೆ ಬೇಕು. ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಬಾರುಕೋಲು ಯಾರ ಕೈಯದೆಂದು ತಿಳಿಯುವುದಿಲ್ಲ. ಜೋಡಿಸಿದ ಸ್ಥಿತಿಯ ಫೋಟೋ ಕಲಾವಿದರ ಎದುರೇ ತೆಗೆಯಿರಿ. ಸಂಖ್ಯೆಯನ್ನು ಪೀಠದಡಿಯ ಬರಿ ಮರದ ಮೇಲೆ, ಪರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ತೆಳುಪದರ ಹಾಕಿ ಬರೆಯಿರಿ. ವಾರ್ನಿಶ್ ಮೇಲೆ ಹಾಕಿದರೆ ಅದರಲ್ಲಿನ ಅಸಿಟೋನ್ ದ್ರಾವಕ ವಾರ್ನಿಶ್ಶಿನ ರಾಳವನ್ನು ತಿನ್ನುತ್ತದೆ. ನೊಗದಂಥ ಸಣ್ಣ ತುಂಡಿಗೆ ಹತ್ತಿ ದಾರದಲ್ಲಿ ಚೀಟಿ ಕಟ್ಟಿದರೆ ಸಾಕು.

ಉಣ್ಣೆಯ ನೇಯ್ಗೆ ಮತ್ತು ಕೋಲ್ಚಾ ಕಸೂತಿಗೆ ನುಸಿಯದೇ ಭಯ. ಬಣ್ಣ ಬಿಡದೆಂದು ಗೊತ್ತಾದ ಮೇಲೆ ಪಾಲಿಥೀನ್‌ನಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದು 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೆ ನೀರಾಡುತ್ತದೆ. ಪ್ರದರ್ಶನದಲ್ಲಿ 50 ಲಕ್ಸ್ ಬೆಳಕು ಸಾಕು. ಗೋಧಿ ಹುಲ್ಲನ್ನು ಅಂಟಿಸಿದ ಶಿಲುಬೆಗಳನ್ನು ಮಲಗಿಸಿಡಿ, ಮೇಲೆ ಭಾರ ಬೇಡ.

ಬೆಲೆಯಲ್ಲಿ ಚೌಕಾಸಿ ಬೇಡ. ಹೇಳಿ ಮಾಡಿಸುವುದಾದರೆ ಅರ್ಧ ಹಣ ಮುಂಗಡ ಕೊಡಿ. ಮೂರ್ತಿ ಕೊಂಡರೆ ಅದರ ಚಿತ್ರವನ್ನು ಪೋಸ್ಟ್‌ಕಾರ್ಡ್ ಮಾಡಿ ಮಾರುವ ಹಕ್ಕು ಬರುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ ಬರಹದಲ್ಲಿ ಬಿಟ್ಟುಕೊಡದ ಹೊರತು ಕಲಾವಿದರದೇ. ಕ್ಯಾಟಲಾಗ್, ವೆಬ್, ಅಂಗಡಿ ಸರಕು, ಮೂರಕ್ಕೂ ಬೇರೆ ಬೇರೆ ಸಾಲಿನಲ್ಲಿ ಒಪ್ಪಿಗೆ ಪಡೆಯಿರಿ.

ಮೂರ್ತಿಗೆ ಆಶೀರ್ವಾದ ಆಗಿದೆಯೇ, ಭಕ್ತರು ಅದರ ಮುಂದೆ ಏನಾದರೂ ಇಟ್ಟರೆ ಮ್ಯೂಸಿಯಂ ಏನು ಮಾಡಬೇಕು, ಇದನ್ನೂ ಕೇಳಿ. ಕಡೆಯದಾಗಿ ದುರಸ್ತಿ. ಬೆರಳು ಮುರಿದರೆ ಹೊಸದು ಕೆತ್ತಿ ಬಣ್ಣ ಹಚ್ಚಿಕೊಡಲು ಮಾಡಿದವರು ಮುಂದೆ ಬರಬಹುದು. ಮ್ಯೂಸಿಯಂನ ಸಂರಕ್ಷಕರಿಗೆ ಮುರಿದ ಬೆರಳನ್ನೇ ಅಂಟಿಸುವ ಇರಾದೆ. ಯಾರ ಮಾತು ನಡೆಯಬೇಕೆಂದು ಕೊಳ್ಳುವ ಕರಾರಿನಲ್ಲೇ ಬರೆಸಿ. ಕಲಾವಿದರೇ ಮಾಡುವುದಾದರೆ, ದಿನಾಂಕ ಹಾಕಿ ಹೊಸ ಭಾಗದ ಫೋಟೋವನ್ನು ಕಡತಕ್ಕೆ ಸೇರಿಸಿ.