ಥರ್ಮೋಕಾಲ್ ಆರಿಸಿಕೊಟ್ಟ ಗಿಟಾರ್

ಗಿಟಾರ್ ಆರಿಸಲು ಥರ್ಮೋಕಾಲ್ ಕತ್ತರಿಸಿದೆ ಅಂದರೆ ಜೊತೆಗೆ ನುಡಿಸುವವರು ಈಗಲೂ ನಗುತ್ತಾರೆ. ನಗಲಿ. ಎರಡು ವರ್ಷ ಕಾಡಿದ ಬಲಭುಜದ ನೋವು ಈಗಿಲ್ಲ. ಮೂರು ಗಂಟೆ ನುಡಿಸಿ ಎದ್ದರೂ ತೋಳು ಹಗುರ.

ಮೊದಲು ತಗೊಂಡಿದ್ದು ಡ್ರೆಡ್‌ನಾಟ್, ಅಂದರೆ ದೊಡ್ಡ ಒಡಲಿನ ಅಕೌಸ್ಟಿಕ್ ಗಿಟಾರ್. ದನಿಯನ್ನು ಕೇಬಲ್ ಮೂಲಕ ಸ್ಪೀಕರಿಗೆ ಕಳಿಸುವ ಪಿಕಪ್ ಅದರಲ್ಲಿತ್ತು. ದನಿಗೆ ಮರುಳಾದೆ. ಅಂಗಡಿಯಲ್ಲಿ ಹತ್ತು ನಿಮಿಷ ನುಡಿಸಿದರೆ ಏನು ಗೊತ್ತಾಗುತ್ತದೆ, ಅಲ್ವಾ? ಮನೆಯಲ್ಲಿ ಅರ್ಧ ಗಂಟೆಗೇ ಕಂಕುಳು ಒತ್ತತೊಡಗಿತು. ಬುಡದ ಕಡೆ ಗಿಟಾರಿನ ಒಡಲಿನ ದಪ್ಪ ಸುಮಾರು 12 ಸೆಂ.ಮೀ. ಮಾರಿದಾಗ ಕೊಟ್ಟ ದುಡ್ಡಿನ ಅರ್ಧವೂ ಬರಲಿಲ್ಲ. ಎರಡನೆಯದು 7-8 ಸೆಂ.ಮೀ. ದಪ್ಪದ ತೆಳು ಗಿಟಾರ್. ಭುಜಕ್ಕೆ ಖುಷಿ, ಕಿವಿಗೆ ಮುನಿಸು. ಕೇಬಲ್ ಹಾಕದೆ ನುಡಿಸಿದರೆ ತಗಡಿನ ಡಬ್ಬ ಬಡಿದ ಹಾಗೆ. ಅದನ್ನೂ ಮಾರಿದೆ. ಎರಡರಲ್ಲಿ ಕಳೆದ ದುಡ್ಡಿಗೆ ಇನ್ನೊಂದು ಗಿಟಾರೇ ಬರುತ್ತಿತ್ತು.

ಆಗ ಹೊಳೆದಿದ್ದು ಥರ್ಮೋಕಾಲ್. ಡ್ರೆಡ್‌ನಾಟ್ ಮತ್ತು ಅದಕ್ಕಿಂತ ಚಿಕ್ಕದಾದ, ಸೊಂಟ ಸಣ್ಣಗಿರುವ ಟ್ರಿಪಲ್ ಓ, ಎರಡರ ಆಕಾರವನ್ನೂ ನಿಜವಾದ ಅಳತೆಗೆ ಕತ್ತರಿಸಿದೆ. ಹಾಳೆ ಸೇರಿಸುತ್ತ ತೆಗೆಯುತ್ತ ದಪ್ಪ ಬದಲಿಸಿದೆ. ಟೇಪ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಒಂದೊಂದಕ್ಕೂ ಮುಕ್ಕಾಲು ಗಂಟೆ ಕೂತೆ. ಸುಮ್ನೆ ಅಲ್ಲ, ಬಲಗೈ ತಂತಿ ಮೀಟುವ ಹಾಗೆ ಆಡಿಸುತ್ತ. ಟ್ರಿಪಲ್ ಓ ಆಕಾರ, 10 ಸೆಂ.ಮೀ. ಆಸುಪಾಸು ದಪ್ಪಕ್ಕೆ ಬಂದಾಗ ಎತ್ತಿಕೊಂಡಿದ್ದ ಭುಜ ತಾನಾಗಿ ಇಳಿಯಿತು. ಡ್ರೆಡ್‌ನಾಟ್ ಆಕಾರವನ್ನು ಅಷ್ಟೇ ತೆಳ್ಳಗೆ ಮಾಡಿದರೂ ನೋವು ಪೂರ್ತಿ ಹೋಗಲಿಲ್ಲ. ಗಿಟಾರಿನ ಸೊಂಟ ಸಣ್ಣಗಿದ್ದರೆ ಅದು ತೊಡೆಯ ಮೇಲೆ ಇಳಿದು ಕೂರುತ್ತದೆ. ದಪ್ಪವನ್ನಷ್ಟೇ ಬೈಯುತ್ತಿದ್ದ ನನಗೆ ಇದು ಹೊಸದು.

ಆಮೇಲೆ ಅಳತೆ ಟೇಪ್ ಹಿಡಿದೇ ಹುಡುಕಿದೆ. ಸಿಕ್ಕಿದ್ದು ಹಳೆಯ ಟ್ರಿಪಲ್ ಓ, ಸ್ಕೇಲ್ (ಮಿಡಿಯುವ ತಂತಿಯ ಉದ್ದ) 632 ಮಿ.ಮೀ., ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಗಲ ಸುಮಾರು 44 ಮಿ.ಮೀ. ಆದರೆ 12ನೇ ಫ್ರೆಟ್ಟಿನಲ್ಲಿ, ಅಂದರೆ ಕುತ್ತಿಗೆಯ 12ನೇ ಲೋಹದ ಪಟ್ಟಿಯಲ್ಲಿ, ದಪ್ಪ ತಂತಿ 3 ಮಿ.ಮೀ.ಗಿಂತ ಹೆಚ್ಚು ಎತ್ತರದಲ್ಲಿತ್ತು, ಒತ್ತಲು ಕಷ್ಟ. "ಬೆರಳು ಗಟ್ಟಿಯಾಗಲಿ ಬಿಡಿ" ಎಂದರು ಮಾರಿದವರು. ಬೆರಳನ್ನಲ್ಲ, ನಾನು ನೋಡಿದ್ದು ಸ್ಯಾಡಲ್ಲನ್ನು, ಒಡಲಿನ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯನ್ನು. ಅದನ್ನು ಉಜ್ಜಿದರೆ ತಂತಿ ಇಳಿಯುತ್ತದೆ. ಉಜ್ಜಲು ಬೇಕಾದಷ್ಟು ಎತ್ತರ ಉಳಿದಿತ್ತು. ಅದನ್ನೇ ತೋರಿಸಿ ಬೆಲೆ ಇಳಿಸಿದೆ.

ಮೊದಲ ಸಲ ಉಜ್ಜಿದಾಗ ಕೆಟ್ಟಿತು. ಸ್ಯಾಡಲ್ ಅಡಿ ಸ್ವಲ್ಪ ಉಬ್ಬಾಗಿ, ಕೇಬಲ್ ಹಾಕಿದರೆ ಸಣ್ಣ ತಂತಿಯ ದನಿ ಅರ್ಧಕ್ಕರ್ಧ ಮಾಯ. ಅಡಿಯಲ್ಲಿರುವ ಪೀಜೋ (ಅದುರನ್ನು ಹಿಡಿಯುವ ಪಿಕಪ್) ಮೇಲೆ ಸಮನಾಗಿ ಕೂರಲಿಲ್ಲ ಅಂದರೆ ಹೀಗೇ. ಇನ್ನೊಂದು ಸ್ಯಾಡಲ್ ತಂದು, ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಉಜ್ಜಿದೆ. ಸುಮಾರು 1.4 ಮಿ.ಮೀ. ತೆಗೆದಾಗ 12ನೇ ಫ್ರೆಟ್ಟಿನಲ್ಲಿ ಅದರ ಅರ್ಧ ಇಳಿದು 2.4ಕ್ಕೆ ಬಂತು. ಸ್ಯಾಡಲ್ ವಾಲದ ಹಾಗೆ ಹಿಡಿಯಲು ಒಂದು ಪುಟ್ಟ ಹಿಡಿಕೆ ಮಾಡಿಕೊಂಡಿದ್ದೇನೆ. ಅದನ್ನು ಮಾತ್ರ ಹೇಳಲ್ಲ.

ಉಮೇದಿನಲ್ಲಿ 12ರ ತಂತಿ ಬಿಟ್ಟು 10 ಹಾಕಿದೆ (ಅಂಕಿ ಇಳಿದಷ್ಟೂ ತಂತಿ ಸಣ್ಣ). ಬೆರಳಿಗೆ ಬೆಣ್ಣೆ, ಆದರೆ ಜೋರಾಗಿ ಮೀಟಿದರೆ ಝರ್ ಝರ್. 11ಕ್ಕೆ ನಿಂತೆ. ತೋಳು ತಾಗುವ ಅಂಚಿಗೆ ಸ್ಪಂಜ್ ಅಂಟಿಸಿಯೂ ನೋಡಿದೆ, ಬೆವರಿಗೆ ಎರಡೇ ದಿನದಲ್ಲಿ ಕಿತ್ತು ಬಂತು. ಸ್ಪೀಕರ್ ಹತ್ತಿರ ಗೂಂ ಅನ್ನುತ್ತಿದ್ದುದಕ್ಕೆ ಗಿಟಾರಿನ ನಡುವಿನ ರಂಧ್ರಕ್ಕೆ ರಬ್ಬರ್ ಮುಚ್ಚಳ ಸಾಕಾಯಿತು.

ಈಗ ಉಳಿದಿರುವುದು ನನ್ನದೇ ಮರೆವು. ಕೇಬಲ್ ಸಿಕ್ಕಿಸಿಯೇ ಬಿಟ್ಟಿರುತ್ತೇನೆ, ಪಿಕಪ್ಪಿನ 9 ವೋಲ್ಟಿನ ಬ್ಯಾಟರಿ ಸತ್ತಿರುತ್ತದೆ. ಈಗಾಗಲೇ ಮೂರು ಸಲ.