ಮಿಲೆಯ ‘ಹಕ್ಕಲು ಆಯುವವರು’ ಚಿತ್ರವನ್ನು ನೋಡುವ ಬಗೆ

ಫ್ರಾನ್ಸಿನ ಚಿತ್ರಕಾರ ಜ್ಯಾನ್ ಫ್ರಾನ್ಸ್ವಾ ಮಿಲೆ 1857ರಲ್ಲಿ ಬರೆದ, ಈಗ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿರುವ ಈ ತೈಲಚಿತ್ರದಲ್ಲಿ ಕಣ್ಣು ಮೊದಲು ಮುಂಭಾಗದಲ್ಲಿ ಹಕ್ಕಲು, ಅಂದರೆ ಕೊಯ್ಲಿನ ಬಳಿಕ ಹೊಲದಲ್ಲಿ ಉಳಿದ ತೆನೆಗಳನ್ನು, ಆಯುತ್ತಿರುವ ಮೂವರು ಹೆಂಗಸರ ಮೇಲೆಯೇ ನಿಲ್ಲುತ್ತದೆ. ಆದರೆ ನೋಟವನ್ನು ಹಿನ್ನೆಲೆಯಿಂದ ಆರಂಭಿಸುವುದು ಒಳ್ಳೆಯದು. ದೂರದಲ್ಲಿ ಬಿಸಿಲು ಬಿದ್ದ ಬಣವೆಗಳು, ಪೈರು ಹೇರಿದ ಗಾಡಿ, ಕೊಯ್ಲಿನವರ ಗುಂಪು ಕಾಣುತ್ತವೆ. ಬಲಗಡೆ ಕುದುರೆಯ ಮೇಲೆ ಕುಳಿತ ಪುಟ್ಟ ಆಕೃತಿಯನ್ನು ತಪ್ಪದೆ ಹುಡುಕಿ: ಅವನು ಮೇಲ್ವಿಚಾರಕ.

ಬಳಿಕ ಹಿನ್ನೆಲೆಯನ್ನು ಅಂಗೈಯಿಂದ ಮರೆಮಾಡಿ ಹೆಂಗಸರನ್ನಷ್ಟೇ ನೋಡಿ. ಇಬ್ಬರು ನಡು ಬಗ್ಗಿಸಿದ್ದಾರೆ, ಮೂರನೆಯವಳು ಅರ್ಧ ಬಾಗಿದ್ದಾಳೆ. ನೀಲಿ ತಲೆವಸ್ತ್ರದವಳು ಆಯ್ದ ತೆನೆಗಳ ಸಣ್ಣ ಕಟ್ಟನ್ನು ಬೆನ್ನ ಹಿಂದೆ ಹಿಡಿದಿದ್ದಾಳೆ. ನನಗೆ ಇಡೀ ಚಿತ್ರದ ತೂಕ ಆ ಕೈಯಲ್ಲಿದೆ ಎನಿಸುತ್ತದೆ. ಈಗ ಅಂಗೈ ತೆಗೆದು, ಆ ಹಿಡಿಯಷ್ಟು ತೆನೆಯನ್ನು ದೂರದ ಬಣವೆಗಳೊಡನೆ ಹೋಲಿಸಿ.

ಕೊಯ್ಲಾದ ಹೊಲದಲ್ಲಿ ಉಳಿದ ಹಕ್ಕಲನ್ನು ಆಯ್ದುಕೊಳ್ಳುವುದು ಅಲ್ಲಿ ಬಡವರಿಗಿದ್ದ ಹಳೆಯ ಹಕ್ಕಾಗಿತ್ತು ಎಂಬುದನ್ನು ನೆನಪಿನಲ್ಲಿಟ್ಟರೆ, ಅರಸೊತ್ತಿಗೆಯನ್ನು ಉರುಳಿಸಿದ 1848ರ ಕ್ರಾಂತಿಯನ್ನು ಕಂಡು ಬಡವರ ದಂಗೆಗೆ ಅಂಜಿದ್ದ ಪ್ಯಾರಿಸ್ಸಿನ ಉಳ್ಳವರು ಈ ಚಿತ್ರವನ್ನು ಕಂಡು ಏಕೆ ಕಸಿವಿಸಿಗೊಂಡರೆಂಬುದು ತಿಳಿಯುತ್ತದೆ. ಕೊನೆಗೆ ಮುಖಗಳನ್ನು ಹುಡುಕಿ. ಮಿಲೆ ಅವನ್ನು ನೆರಳಿನಲ್ಲಿಟ್ಟು, ಒರಟು ಕೈಗಳನ್ನು ಮುಂದೆ ತಂದಿದ್ದಾನೆ.