ಅಮೆರಿಕದ ಮೆಕ್ಸಿಕನ್ ಮ್ಯೂಸಿಕ್ ರೇಡಿಯೋ ಸ್ಟೇಷನ್ ಒಂದರ ಹಿಸ್ಟರಿ ಕೆದಕೋದು ಹೇಗೆ

ನೋರ್ತೆನ್ಯೋ, ಬಾಂದಾ, ರಾಂಚೇರಾ ಅನ್ನೋ ಮೆಕ್ಸಿಕನ್ ಶೈಲಿಯ ಹಾಡು ಹಾಕೋ ಸ್ಪ್ಯಾನಿಶ್ ಸ್ಟೇಷನ್‌ಗಳಿಗೆ ಅಮೆರಿಕದ ರೇಡಿಯೋದವ್ರು ರೀಜನಲ್ ಮೆಕ್ಸಿಕನ್ ಅಂತಾರೆ. ಇಂಥದ್ದೊಂದರ ಹಿಸ್ಟರಿ ಬರೆಯೋಕೆ ಕೂತವ್ರು ಸಾಮಾನ್ಯವಾಗಿ ಮಾಡೋ ಎಡವಟ್ಟು ಏನಂದ್ರೆ ಹೆಸರು ಹಿಡ್ಕೊಂಡು ಹುಡುಕೋದು. ಲಾ ರಾಸಾ, ಕೆ ಬುಯೆನಾ ಇವೆಲ್ಲ ಬರೀ ಬ್ರ್ಯಾಂಡು, ಅದೇ ಹೆಸರು ಬೇರೆ ಬೇರೆ ಊರಲ್ಲೂ ಸಿಗುತ್ತೆ, ಓನರ್ ಬದಲಾದ್ರೆ ಬೋರ್ಡೂ ಬದಲಾಗುತ್ತೆ. ನೀವು ಬೆನ್ನು ಹತ್ತಬೇಕಾಗಿರೋದು ಲೈಸೆನ್ಸನ್ನ.

ಮೊದಲು ಕಾಲ್ ಸೈನ್, ಅಂದ್ರೆ ಸ್ಟೇಷನ್‌ನ ಅಧಿಕೃತ ಅಕ್ಷರದ ಹೆಸರು ನೋಡಿ. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕಿದ್ರೆ ಬಹುತೇಕ ‘ಕೆ’ಯಿಂದ ಶುರು, ಪೂರ್ವಕ್ಕಿದ್ರೆ ‘ಡಬ್ಲ್ಯೂ’. ಎಕ್ಸ್‌ಇ ಅಥವಾ ಎಕ್ಸ್‌ಎಚ್ ಅಂತ ಇದ್ರೆ ಆ ಟವರ್ ಗಡಿಯಾಚೆ ಮೆಕ್ಸಿಕೋದಲ್ಲಿದೆ ಅಂತ ಅರ್ಥ, ಅದರ ಕಾಗದಪತ್ರ ರೇಡಿಯೋ ಲೈಸೆನ್ಸ್ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಹತ್ರ ಹುಡುಕಿದ್ರೆ ಟೈಮ್ ವೇಸ್ಟು. ಆಮೇಲೆ ಎಫ್‌ಸಿಸಿ ಡೇಟಾಬೇಸ್‌ಗೆ ಹೋಗಿ ಫೆಸಿಲಿಟಿ ಐಡಿ ನಂಬರ್ ಬರ್ಕೊಳ್ಳಿ. ಕಾಲ್ ಸೈನ್ ಎಷ್ಟು ಸಲ ಬದಲಾದ್ರೂ ಈ ನಂಬರ್ ಬದಲಾಗಲ್ಲ. ಹಳೇ ಸ್ಟೇಷನ್ ಆಗಿದ್ರೆ ಹಿಸ್ಟರಿ ಕಾರ್ಡ್ಸ್ ಅಂತ ಸ್ಕ್ಯಾನ್ ಮಾಡಿಟ್ಟಿದ್ದಾರೆ, 1927ರಿಂದ ಸುಮಾರು 1980ರವರೆಗಿನ ಓನರ್, ಪವರ್, ಟವರ್ ಜಾಗ ಎಲ್ಲ ಅದ್ರಲ್ಲಿರುತ್ತೆ. ಕೈಬರಹ ಓದೋಕೆ ಸ್ವಲ್ಪ ಕಷ್ಟ, ತಾಳ್ಮೆ ಬೇಕು.

ಕಾಲ್ ಸೈನ್ ಒಂದೇ ಇದೆ ಅಂದ್ಮಾತ್ರಕ್ಕೆ ಸ್ಟೇಷನ್ ಕೂಡ ಹಾಗೇ ಇತ್ತು ಅಂತ ನಂಬ್ಬೇಡಿ. ಲಾಸ್ ಏಂಜಲೀಸ್‌ನ 101.9, ಅಂದ್ರೆ ಕೆಎಸ್‌ಸಿಎ, 1997ರ ಶುರುವಿನವರೆಗೂ ಇಂಗ್ಲಿಷ್ ರಾಕ್ ಹಾಕ್ತಿತ್ತು, ಆಮೇಲೆ ಅದೇ ಕಾಲ್ ಸೈನ್ ಇಟ್ಕೊಂಡು ರೀಜನಲ್ ಮೆಕ್ಸಿಕನ್ ಆಗಿಬಿಡ್ತು. ಬರೀ ಲೈಸೆನ್ಸ್ ನೋಡಿದವನಿಗೆ ಈ ತಿರುವು ಕಾಣೋದೇ ಇಲ್ಲ. ಅದಕ್ಕೇ ಬ್ರಾಡ್‌ಕಾಸ್ಟಿಂಗ್ ಇಯರ್‌ಬುಕ್‌ ಅನ್ನೋ ಸ್ಟೇಷನ್‌ಗಳ ವಾರ್ಷಿಕ ಪಟ್ಟಿಗಳನ್ನ ವರ್ಷ ವರ್ಷ ಪಕ್ಕ ಇಟ್ಕೊಂಡು ಫಾರ್ಮ್ಯಾಟ್ (ಯಾವ ಥರದ ಪ್ರೋಗ್ರಾಂ) ಅನ್ನೋ ಸಾಲು ಹೋಲಿಸಿ, ಆದ್ರೆ ಪ್ರಿಂಟಾಗೋ ಹೊತ್ತಿಗೆ ಮಾಹಿತಿ ಹಳೇದಾಗಿರ್ಬಹುದು, ತಾರೀಕು ಬೇಕಂದ್ರೆ ಪೇಪರ್‌ನಲ್ಲೇ ಹುಡುಕಬೇಕು. ಲಾಸ್ ಏಂಜಲೀಸ್ ಆದ್ರೆ 1926ರಿಂದ ಬರ್ತಿರೋ ಸ್ಪ್ಯಾನಿಶ್ ಪೇಪರ್ ಲಾ ಒಪಿನಿಯೋನ್ ಬಿಟ್ಟು ಮುಂದೆ ಹೋಗ್ಬೇಡಿ.

ಇಂಗ್ಲಿಷ್ ಪೇಪರ್‌ಗಳದ್ದು ಬೇರೇನೇ ಕಥೆ, ಶಾಕ್ ಆದಾಗ ಮಾತ್ರ ಬರೀತಾರೆ. 1992ರಲ್ಲಿ ಕೆಎಲ್‌ಎಎಕ್ಸ್ 97.9 ಬಾಂದಾ ಹಾಕೋಕೆ ಶುರು ಮಾಡಿ ಕೆಲವೇ ತಿಂಗಳಲ್ಲಿ ಇಡೀ ಲಾಸ್ ಏಂಜಲೀಸ್‌ಗೆ ನಂಬರ್ ಒನ್ ಆಯ್ತಲ್ಲ, ಆಗ ಎಲ್ರೂ ಗಾಬರಿಬಿದ್ದು ಬರೆದ್ರು, ಬಾಂದಾ ಹಾಡಿಗೆ ಕುಣಿಯೋ ಕೆಬ್ರಾದೀತಾ ಡ್ಯಾನ್ಸ್ ಕ್ರೇಜ್ ಕೂಡ ಅದೇ ಟೈಮು. ಮತ್ತೆ 2006ರಲ್ಲಿ ಎಲ್ ಕುಕುಯಿ, ಪಿಯೊಲಿನ್ ಥರದ ಬೆಳಗಿನ ಶೋ ಡಿಜೆಗಳು ವಲಸಿಗರ ಮೆರವಣಿಗೆಗೆ ಜನ ಸೇರಿಸಿದಾಗ ಬರೆದ್ರು. ನಡುವಿನ ವರ್ಷಗಳದ್ದು ಸ್ಪ್ಯಾನಿಶ್ ಪೇಪರಲ್ಲೇ ಸಿಗಬೇಕು. ಹುಡುಕೋವಾಗ ಎಮಿಸೋರಾ ಅಂದ್ರೆ ಸ್ಟೇಷನ್, ಲೊಕುಟೋರ್ ಅಂದ್ರೆ ಅನೌನ್ಸರ್, ಈ ಎರಡು ಪದ ಸ್ಪ್ಯಾನಿಶ್ ಸ್ಪೆಲಿಂಗಲ್ಲಿ ಹಾಕಿ, ರಿಸಲ್ಟೇ ಬೇರೆ ಬರುತ್ತೆ.

ಇನ್ನೊಂದು, ಸ್ಟೇಷನ್ ಪೂರ್ತಿ ಸ್ಪ್ಯಾನಿಶ್ ಆದ ದಿನದಿಂದ ಕಥೆ ಶುರು ಮಾಡ್ಬೇಡಿ. ಸ್ಯಾನ್ ಅಂಟೋನಿಯೋದಲ್ಲಿ ರಾವುಲ್ ಕೋರ್ಟೆಸ್ 1946ರಲ್ಲಿ ಕೆಸಿಓಆರ್ ಅನ್ನೋ ಪೂರ್ತಿ ಸ್ಪ್ಯಾನಿಶ್ ಸ್ಟೇಷನ್ ಶುರು ಮಾಡೋಕೂ ಎಷ್ಟೋ ಮೊದಲೇ ಇಂಗ್ಲಿಷ್ ಸ್ಟೇಷನ್‌ಗಳಲ್ಲಿ ಯಾರಿಗೂ ಬೇಡವಾದ ನಸುಕಿನ ಹೊತ್ತನ್ನ ಕಡಿಮೆ ದುಡ್ಡಿಗೆ ತಗೊಂಡು ಸ್ಪ್ಯಾನಿಶ್ ಪ್ರೋಗ್ರಾಂ ಮಾಡ್ತಿದ್ರು. ಲಾಸ್ ಏಂಜಲೀಸ್ ಹತ್ರದ ಬರ್ಬ್ಯಾಂಕ್‌ನ ಕೆಇಎಲ್‌ಡಬ್ಲ್ಯೂನಲ್ಲಿ ಅನೌನ್ಸರ್ ಪೆದ್ರೋ ಗೊನ್ಸಾಲೆಸ್ ಜೊತೆ ಹಾಡ್ತಿದ್ದ ಗುಂಪಿನ ಹೆಸರೇ ಲೋಸ್ ಮದ್ರುಗಾದೋರೆಸ್, ಅಂದ್ರೆ ಬೆಳಗ್ಗೆ ಬೇಗ ಏಳೋವ್ರು. ಕೆಲಸಕ್ಕೆ ಹೊರಡೋ ಕೂಲಿಕಾರರು ಕೇಳೋ ಹೊತ್ತದು. ಹಾಗಾಗಿ ಹಳೇ ಪೇಪರಿನ ರೇಡಿಯೋ ಪಟ್ಟಿಯಲ್ಲಿ ಮೊದಲು ಮುಂಜಾನೆ 4ರಿಂದ 6ರ ಸಾಲುಗಳನ್ನ ನೋಡಿ.

ಕೊನೆಗೆ ಜನ. ಹಳೇ ಡಿಜೆ, ಜಾಹೀರಾತು ಮಾರ್ತಿದ್ದವ್ರು, ಡ್ಯಾನ್ಸ್ ನಡೆಸ್ತಿದ್ದವ್ರು ಇವರ ಹತ್ರ ಕ್ಯಾಸೆಟ್ ಇರುತ್ತೆ. ನೆನಪಲ್ಲಿ ವರ್ಷ ಹಿಂದೆಮುಂದೆ ಆಗುತ್ತೆ, ಅದಕ್ಕೆ ‘ಯಾವ ವರ್ಷ’ ಅಂತ ಕೇಳೋ ಬದಲು ‘ಆಗ ಯಾವ ಹಾಡು ಜಾಸ್ತಿ ಓಡ್ತಿತ್ತು, ಓನರ್ ಯಾರು’ ಅಂತ ಕೇಳಿ, ವರ್ಷ ನೀವೇ ಕಾರ್ಡಲ್ಲಿ ತಾಳೆ ನೋಡ್ಕೋಬಹುದು.